ಬಾಳೆಹಣ್ಣಿನ ಮೇಲೆ ಬಂದ ಅಪವಾದ

ಐದನೇ ತಿಂಗಳಲ್ಲಿ ಎದೆಯೊಳಗೆ ಮತ್ತೆ ಸೀಟಿ ಶುರುವಾಯಿತು.

ದಮ್ಮು ನನಗೆ ಹೊಸದಲ್ಲ, ಶಾಲೆಯ ದಿನಗಳಿಂದ ಇದೆ. ಇನ್ಹೇಲರ್ ಇತ್ತು, ನಾವು ಅದಕ್ಕೆ ಪಂಪ್ ಅನ್ನುತ್ತೇವೆ. ಬಸಿರಾದ ಸುದ್ದಿ ತಿಳಿದ ದಿನವೇ ಅದನ್ನು ಟ್ರಂಕಿನೊಳಗೆ ಹಾಕಿ ಮುಚ್ಚಿದ್ದೆ, ಔಷಧ ಕೂಸಿಗೆ ತಾಗೀತು ಎಂದು. ಯಾರೂ ಹೇಳಿದ್ದಲ್ಲ. ನನ್ನದೇ ಜಾಣತನ.

ಅಂದು ಬಾಳೆಹಣ್ಣು ತಿಂದಿದ್ದೆ. ಅತ್ತೆ ಅದನ್ನೇ ಹಿಡಿದರು.

"ಬಾಳೆಹಣ್ಣ ಥಂಡಿ. ಇನ್ನ ಮುಂದ ಬ್ಯಾಡ."

ಬಾಳೆಹಣ್ಣು ಹೋಯಿತು, ಸೀಟಿ ಹೋಗಲಿಲ್ಲ. ಮರುವಾರ ಮೊಸರು ಹೋಯಿತು. ಆಮೇಲೆ ಶೇಂಗಾ ಚಟ್ನಿಪುಡಿ, ಪೇರಲ ಹಣ್ಣು, ಮೊಟ್ಟೆ. ಉಸಿರು ಸಿಕ್ಕಿಕೊಂಡಾಗಲೆಲ್ಲ ತಾಟಿನಿಂದ ಒಂದೊಂದು ಎದ್ದು ಹೋಗುತ್ತಿತ್ತು. ಕೊನೆಗೆ ಉಳಿದದ್ದು ಜೋಳದ ರೊಟ್ಟಿ, ತೊಗರಿ ಬೇಳೆ. ಸಿಟ್ಟು ಬರುತ್ತಿತ್ತು, ಹಸಿವೂ ಆಗುತ್ತಿತ್ತು. ಆದರೂ ಸುಮ್ಮನಿದ್ದೆ, ಯಾಕೆಂದರೆ ನಾನೂ ಅದನ್ನೇ ನಂಬಿದ್ದೆ. ಕೂತರೆ ಚಡಪಡಿಕೆ, ನಿಂತರೆ ಏದುಸಿರು. ಊಟವಾದ ಮೇಲೆ ಅತ್ತೆ ಹಾಸಿಕೊಟ್ಟ ಕಂಬಳಿಯ ಮೇಲೆ ಅಡ್ಡಾಗುತ್ತಿದ್ದೆ. ನಮ್ಮ ಕುರಿಗಳ ಉಣ್ಣೆಯದು. ಹೊಟ್ಟೆಯೊಳಗಿನ ಕೂಸಿಗೆ ಕಾವಲಿರಲೆಂದು ಬೀರಪ್ಪನ ಗುಡಿಯಲ್ಲಿ ಭಂಡಾರದ ಅರಿಶಿನ ಹಾಕಿಸಿ ತಂದದ್ದು.

ಏಳನೇ ತಿಂಗಳ ಸ್ಕ್ಯಾನಿಂಗ್‌ಗೆ ನಮ್ಮೂರು ದಾಳಿಂಬದಿಂದ ಉಮರ್ಗಾದ ಆಸ್ಪತ್ರೆಗೆ ಅತ್ತೆಯ ಜೊತೆ ಹೋದೆ.

"ಕೂಸಿನ ವಜನ ಕಮ್ಮಿ ಅದ," ಎಂದರು ಡಾಕ್ಟರಮ್ಮ.

ಆಮೇಲೆ ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ಸೀಟಿ ಕೇಳಿಸಿಕೊಂಡರು.

ಪಂಪ್ ಎಲ್ಲಿ ಎಂದು ಕೇಳಿದರು. ಟ್ರಂಕಿನ ಕಥೆ ಹೇಳಿದೆ. "ನೀ ಉಸಿರಾಡಿದರ ಕೂಸಿಗೂ ಉಸಿರು ಸಿಗ್ತದ. ಪಂಪ್ ಬಿಟ್ಟಿದ್ದೇ ದೊಡ್ಡ ಚೂಕ," ಎಂದು ಗದರಿದರು. ಆಮೇಲೆ, "ದಮ್ಮು ಯಾವಾಗ ಹೆಚ್ಚು?"

"ಊಟ ಮಾಡಿ ಮಲಗಿದಾಗರೀ."

"ಎದರ ಮ್ಯಾಲ ಮಲಗತಿ?"

ದೇವರ ಕಂಬಳಿಯನ್ನು ಹೇಗೆ ದೂರುವುದು? ಅತ್ತೆ ನೆಲ ನೋಡುತ್ತ ಹೇಳಿದರು: "ಕಂಬಳಿ ಮ್ಯಾಲ್ರೀ. ನಾನೇ ಹಾಸ್ತೀನಿ."

ಉಣ್ಣೆಯ ಧೂಳು, ಅರಿಶಿನದ ಪುಡಿ, ಎರಡೂ ನನ್ನ ಎದೆಗೆ ಆಗದಿರಬಹುದು ಎಂದರು ಡಾಕ್ಟರಮ್ಮ. ತಾಟಿನಿಂದ ಬಿಡಿಸಿದ್ದನ್ನೆಲ್ಲ ಮತ್ತೆ ತಿನ್ನಿಸಿ ಎಂದೂ ಹೇಳಿದರು.

ಮನೆಗೆ ಬಂದವರೇ ಅತ್ತೆ ಕಂಬಳಿ ಮಡಚಿ ದೇವರ ಜಗಲಿಯ ಮುಂದಿಟ್ಟು ಕೈಮುಗಿದರು. "ಬೀರಪ್ಪಾ, ಇಲ್ಲೇ ಕೂತು ಕಾಯಪ್ಪಾ."

ಅಂದಿನಿಂದ ಎರಡು ಹೊತ್ತು ಪಂಪ್. ಪ್ರತಿ ಸಲ ಬಾಯಿ ಮುಕ್ಕಳಿಸಲು ನೀರು ಹಿಡಿದು ಅತ್ತೆ ಎದುರಿಗೆ. ಸೀಟಿ ಇಳಿಯಿತು. ಹೆದರಿಕೆ ಇಳಿಯಲಿಲ್ಲ, ಪ್ರತಿ ತಪಾಸಣೆಯಲ್ಲೂ ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದೆ.

ಮಗಳು ಹುಟ್ಟಿ ನಲವತ್ತು ದಿನವಾಯಿತು. ಸಣ್ಣಗಿದ್ದಾಳೆ, ಗಟ್ಟಿಯಾಗಿ ಅಳುತ್ತಾಳೆ. ಅವಳು ಮಲಗುವುದು ಅತ್ತೆ ತಮ್ಮ ಹತ್ತಿ ಸೀರೆ ಹರಿದು ಹೊಲಿದ ಕೌದಿಯ ಮೇಲೆ. ಆಗಾಗ ಅವಳ ಎದೆಗೆ ಕಿವಿ ಇಡುತ್ತೇನೆ. ಇವತ್ತಿನವರೆಗೆ ಸೀಟಿಯಿಲ್ಲ.

ನಿನ್ನೆ ಅತ್ತೆ ಬಾಳೆಹಣ್ಣು ಸುಲಿದು ಕೈಗಿಟ್ಟರು. "ಪಾಪ, ಇದರ ಮ್ಯಾಲ ಸುಳ್ಳೇ ಅಪವಾದ ಹಾಕಿದ್ನೆವಾ. ತಿನ್ನು."

"ನಾ ಪಂಪಿನ ಮ್ಯಾಲ ಹಾಕಿದ್ನಲ್ರೀ ಅತ್ತಿ."

ಇಬ್ಬರೂ ನಕ್ಕೆವು. ನಗುವಾಗ ನನಗೆ ಕೆಮ್ಮು ಬರಲಿಲ್ಲ.