ಬ್ರೇಕಮ್ಮ ಎತ್ತಿಟ್ಟ ಕ್ಯಾಸೆಟ್ಟು

ಬ್ರೇಕಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದನ್ನೀಗ ಬ್ಯಾಂಕಿನವರು ಬಿಟ್ಟರೆ ಯಾರೂ ಕರೆಯುವುದಿಲ್ಲ. ಅವಳದು ಕಾರು ಕಲಿಸುವ ಕೆಲಸ. ಕಲಿಯುವವರು ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರೆ ಇವಳು ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ಕಲಿಸುವವರಿಗೆಂದೇ ಹಾಕಿಸಿದ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರಸ್ತೆ ಕಾಯಬೇಕು. ವರ್ಷಗಟ್ಟಲೆ ಹೀಗೆ ಕಾದು ಕಾದು ಆ ಪಾದಕ್ಕೆ ಒಂದು ಚಾಳಿ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಕೂತರೂ ನೆಲ ಒತ್ತುವುದು, ಸಿನಿಮಾದಲ್ಲಿ ಕಾರು ಜೋರಾಗಿ ಓಡಿದರೂ ಮುಂದಿನ ಸೀಟಿನವರ ಬೆನ್ನಿಗೆ ಒದೆಯುವುದು. ಒಮ್ಮೆ ಹಲ್ಲಿನ ಡಾಕ್ಟರು ಸೂಜಿ ಎತ್ತಿದಾಗ ಇವಳು ಹಾಕಿದ ಬ್ರೇಕಿನ ರಭಸಕ್ಕೆ ಅವರ ಟ್ರೇ ಹಾರಿಹೋಗಿ, ಪಾಪ, ಅವರೂ ನರ್ಸೂ ಬಗ್ಗಿಕೊಂಡು ನೆಲವೆಲ್ಲ ಹುಡುಕಬೇಕಾಯಿತು.

ಇನ್ನೊಂದು ಚಾಳಿಯೂ ಇತ್ತು. ಒಳ್ಳೆಯದು ಏನೇ ಕೈಗೆ ಬಂದರೂ ಎತ್ತಿಡುವುದು. ಹೊಸ ಟವೆಲ್ಲುಗಳು ಬೀರುವಿನಲ್ಲೇ ಹಳತಾಗುತ್ತಿದ್ದವು. ಗಾಜಿನ ಲೋಟದ ಸೆಟ್ಟು ಡಬ್ಬಿ ಬಿಚ್ಚದೆಯೇ ಅಟ್ಟ ಸೇರಿತ್ತು. ವಾಸನೆ ಸೋಪು ಒಣಗಿ ಸೀಳು ಬಿಟ್ಟು, ವಾಸನೆಯನ್ನೂ ಬಿಟ್ಟುಕೊಟ್ಟು, ಕೊನೆಗೆ ಕಲ್ಲಿನ ಹಾಗೆ ಆಗಿತ್ತು. ಕೇಳಿದರೆ ಒಂದೇ ಮಾತು, "ಆಮೇಲೆ ಬೇಕಾಗತ್ತೆ." ಅವಳ ಗಂಡ ಟೇಲರ್, ಕೆಳಗೆ ಅಂಗಡಿ, ಮೇಲೆ ಮನೆ. "ಲೇ, ನಿನ್ನ ಆಮೇಲೆ ಯಾವ ವಾರ ಬರತ್ತೆ ಅಂತ ಒಂಚೂರು ಹೇಳೇ, ಅವತ್ತು ಅಂಗಡಿಗೆ ರಜಾ ಹಾಕ್ತೀನಿ" ಎಂದು ಅವನು ರೇಗಿಸುತ್ತಿದ್ದ.

ಹಾಗೆ ಎತ್ತಿಟ್ಟವುಗಳಲ್ಲಿ ಒಂದು ಕ್ಯಾಸೆಟ್ಟು. ಅದರ ವಿಷಯಕ್ಕೆ ಟೇಲರ್ ರೇಗಿಸುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಎಲ್ಲರ ಬಾಯಲ್ಲೂ ಗುಬ್ಬಿ. ಹಾಡಿನ ಹುಚ್ಚು ಅಂದರೆ ಅದೇನು ಸಾಮಾನ್ಯದ ಹುಚ್ಚೇ! ಕೈಖರ್ಚಿಗೆ ಕೊಟ್ಟಿದ್ದೆಲ್ಲ ಕ್ಯಾಸೆಟ್ಟಿನ ಅಂಗಡಿಗೆ. ತನಗೆ ಇಷ್ಟವಾದ ಹಾಡುಗಳನ್ನೆಲ್ಲ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ, ಹಾಡು ಹಾಡಿನ ಮಧ್ಯೆ ರೇಡಿಯೋದವರ ಗತ್ತಿನಲ್ಲಿ ತಾನೇ ಮಾತಾಡಿದ್ದಳು. "ಕೇಳುಗರೇ, ನಮಸ್ಕಾರ. ಇದು ಟೇಲರಂಗಡಿ ಮೇಲಿನ ಬಾನುಲಿ ಕೇಂದ್ರ. ಈ ಹಾಡನ್ನು ಕೋರಿದವರು ಅಡುಗೆಮನೆಯಿಂದ ಅಮ್ಮ, ಬಚ್ಚಲಿನಿಂದ ಅಪ್ಪ." ಬ್ರೇಕಮ್ಮ ಆಗ ಕುಕ್ಕರಿನ ಸದ್ದಿನ ನಡುವೆ ಅರ್ಧ ಕಿವಿಯಲ್ಲಿ ಕೇಳಿ ನಕ್ಕಿದ್ದಳು. ಪೂರ್ತಿ ಆಮೇಲೆ ಕೇಳಿದರಾಯಿತು ಎಂದು ಕಾರಿನ ಕ್ಯಾಸೆಟ್ ಡಬ್ಬಿಗೆ ಹಾಕಿದ್ದಳು. "ಅಮ್ಮಾ, ಸುಮ್ಸುಮ್ನೆ ಹಾಕ್ಬೇಡ, ಟೇಪು ಸವೆದ್ಹೋಗತ್ತೆ" ಎಂದು ಗುಬ್ಬಿಯೇ ಹೇಳಿದ್ದಳು.

ಕಾಲೇಜು ಸೇರಿದ ವರ್ಷ ಗುಬ್ಬಿಗೆ ಜ್ವರ ಬಂತು. ಮಾಮೂಲಿ ಜ್ವರ ಅಂದುಕೊಂಡರು. ವಾರ ಕಳೆಯುವಷ್ಟರಲ್ಲಿ ಮನೆ ಬರಿದಾಯಿತು.

ಮನೆಯ ಟೇಪ್ ರೆಕಾರ್ಡರನ್ನು ಟೇಲರ್ ಇಸ್ತ್ರಿ ಅಂಗಡಿಯವನಿಗೆ ಕೊಟ್ಟುಬಿಟ್ಟ. ಅದನ್ನು ನೋಡಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಉಳಿದದ್ದು ಕಾರಿನ ಟೇಪು ಒಂದೇ. ಬ್ರೇಕಮ್ಮ ಡಬ್ಬಿಯನ್ನು ತನ್ನ ಸೀಟಿನ ಕೆಳಗೆ ತಳ್ಳಿ, "ನನ್ನ ಕಾರಲ್ಲಿ ಹಾಡು ಇಲ್ಲ, ಇಂಜಿನ್ ಸದ್ದು ಕೇಳಿ ಕಲೀರಿ" ಎಂದು ಕಲಿಯುವವರಿಗೆ ಕಟ್ಟುನಿಟ್ಟು ಮಾಡಿದಳು. ಮಗಳ ದನಿ ಇರುವುದು ಅಷ್ಟೇ ಅಷ್ಟು. ಒಂದೊಂದು ಸಲ ಹಾಕಿದಾಗಲೂ ಒಂದಿಷ್ಟು ಸವೆಯುತ್ತದೆ. ತಡೆಯಲಾಗದ ದಿನ ಒಂದು ಬಂದೇ ಬರುತ್ತದೆ, ಅವತ್ತಿಗಿರಲಿ ಎಂದು ಹಲ್ಲು ಕಚ್ಚಿಕೊಂಡು ಕೂತಳು. ಅವಳು ಕೂತಳು, ವರ್ಷಗಳು ಕೂರಲಿಲ್ಲ.

ಈಚೆಗೆ ಒಂದು ಕನಸು ಶುರುವಾಗಿತ್ತು. ಗುಬ್ಬಿ ಪಕ್ಕದ ಸೀಟಿನಲ್ಲಿ ಕೂತು ಏನೋ ಹೇಳುತ್ತಾಳೆ. ತುಟಿ ಆಡುತ್ತದೆ, ಕೈಯಾಡಿಸುತ್ತಾಳೆ, ಸದ್ದೇ ಇಲ್ಲ. ಎಚ್ಚರವಾದ ಮೇಲೆ ಇನ್ನೂ ಕಷ್ಟ. ಪಾತ್ರೆ ತೊಳೆಯುತ್ತ ಮಗಳು ಅಮ್ಮಾ ಎಂದು ಕರೆಯುವುದನ್ನು ನೆನಪಿಸಿಕೊಳ್ಳಲು ಹೋದರೆ ಕಿವಿಯೊಳಗೆ ಪಕ್ಕದ ಮನೆಯ ಹುಡುಗಿಯ ದನಿ ಬರುತ್ತಿತ್ತು. ಆಡಿದ ಮಾತೆಲ್ಲ ನೆನಪಿದೆ, ಆಡಿದ ದನಿ ಇಲ್ಲ. ಮಗಳು ಎರಡನೇ ಸಲ ಸಾಯುತ್ತಿದ್ದಾಳೆ, ಅದೂ ನನ್ನ ತಲೆಯೊಳಗೇ ಎಂದು ಅವಳಿಗೆ ಅನ್ನಿಸಿತು. 

ಅದೇ ಹೊತ್ತಿಗೆ ಕಾರಿಗೂ ವಯಸ್ಸಾಯಿತು, ಈ ತಿಂಗಳು ಮುಗಿದರೆ ರಸ್ತೆಗಿಳಿಸುವಂತಿಲ್ಲ ಎಂದು ಸಾರಿಗೆ ಕಚೇರಿಯವರು ಕಡ್ಡಿ ಮುರಿದಂತೆ ಹೇಳಿದರು. ಅವಳ ಹತ್ತಿರವೇ ಕಲಿತವನೊಬ್ಬ ದೂರದ ಊರಿನಲ್ಲಿ ಮೆಕ್ಯಾನಿಕ್ ಶಾಲೆ ನಡೆಸುತ್ತಿದ್ದ. ಬಿಚ್ಚಿ ತೋರಿಸುವುದಕ್ಕೆ ಒಂದು ಕಾರು ಬೇಕಿತ್ತು ಮೇಡಂ ಎಂದ. ಬಿಚ್ಚುತ್ತಾರೆ ಅಂದಾಗ ಬ್ರೇಕಮ್ಮ ಹೋಗಿ ಕಾರಿನ ಬಾನೆಟ್ಟನ್ನು ಒಂದು ಸಲ ಸವರಿ ಬಂದಳು. ಆದರೂ ಒಪ್ಪಿದಳು. ಒಂದು ಹಗಲಿನ ದಾರಿ; ತಾನೇ ಓಡಿಸಿಕೊಂಡು ಹೋಗಿ ಒಪ್ಪಿಸುವುದು, ದಾರಿಯಲ್ಲಿ ಹಳೇ ಕ್ಯಾಸೆಟ್ಟುಗಳನ್ನೆಲ್ಲ ಹಾಕುವುದು, ಗುಬ್ಬಿಯದನ್ನು ಕೇಳುವುದು. ತಡೆಯಲಾಗದ ದಿನ ಬಂದಿತ್ತು.

"ನಾನೂ ಬರ್ತೀನಿ" ಎಂದ ಟೇಲರ್.

"ಬನ್ನಿ. ಆದ್ರೆ ಕೂರೋದು ನನ್ನ ಜಾಗದಲ್ಲಿ. ಆ ಪೆಡಲ್ ಮೇಲೆ ಕಾಲು ಹೋದ್ರೆ ನೋಡಿ, ದಾರೀಲೇ ಇಳಿಸ್ಬಿಡ್ತೀನಿ."

ಬೆಳಿಗ್ಗೆ ಹೊರಟರು. ಊರು ದಾಟಿ ಹೆದ್ದಾರಿ ಸೇರಿದ ಕೂಡಲೇ ಅವಳು ಗೇರಿನ ಪಕ್ಕ ಇಟ್ಟುಕೊಂಡಿದ್ದ ಡಬ್ಬಿಯಿಂದ ಮೊದಲ ಕ್ಯಾಸೆಟ್ಟು ತೆಗೆದಳು. ಕಿತ್ತಳೆ ಬಣ್ಣದ ಕವರಿನ ಸಿನಿಮಾ ಹಾಡುಗಳು. ಟೇಪು ಒಂದು ಸಲ ಕೆಮ್ಮಿ ಹಾಡತೊಡಗಿತು. ಎರಡನೇ ಹಾಡಿನ ನಡುವೆ ಒಂದು ಕಡೆ ದನಿ ಎಡವುತ್ತದೆ. ಗುಬ್ಬಿ ಹಿಂದಿನ ಸೀಟಿನಲ್ಲಿ ಕೂತು ಜೊತೆಗೆ ಹಾಡುವಾಗಲೂ ಅದೇ ಜಾಗದಲ್ಲಿ ಬೇಕೆಂದೇ ಎಡವುತ್ತಿದ್ದಳು. ಆ ಜಾಗ ಬಂತು, ಎಡವಿತು, ಹೋಯಿತು. ಹಿಂದಿನ ಸೀಟಿನಿಂದ ಏನೂ ಕೇಳಿಸಲಿಲ್ಲ. ಕೇಳಿಸಬೇಕಾಗಿತ್ತು ಎಂದು ಬ್ರೇಕಮ್ಮನ ಬೆನ್ನಿಗೆ ಅನ್ನಿಸುತ್ತಿತ್ತು.

ಮುಂದಿನದು ಕೊಳಲಿನದು, ಗುಬ್ಬಿ ಪರೀಕ್ಷೆಗೆ ಓದುವಾಗ ಹಾಕುತ್ತಿದ್ದದ್ದು. ಅದರ ಮುಂದಿನದರಲ್ಲಿ ಒಬ್ಬ ಹೆಂಗಸು ಬರೀ ವಿರಹದ ಹಾಡು ಹಾಡುತ್ತಾಳೆ. "ಈಯಮ್ಮಂಗೆ ಯಾರಾದ್ರೂ ಒಂದ್ಲೋಟ ನೀರಾದ್ರೂ ಕೊಡ್ರಪ್ಪಾ" ಎಂದು ಗುಬ್ಬಿ ಗೋಳಾಡುತ್ತಿದ್ದಳು. ಬ್ರೇಕಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಮೈ ಜುಮ್ಮೆಂದಿತು. ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು, ಖಾಲಿ. ಖಾಲಿ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಅಲ್ಲಿಗೇ ಕಣ್ಣು ಹೋಗುತ್ತಿತ್ತು. ಕೊನೆಗೆ ಅವಳು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟಳು. ಕಲಿಯುವವರು ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಕಾರಿನಿಂದ ಇಳಿಸುತ್ತಿದ್ದಳು.

"ಗುಬ್ಬೀದು ಹಾಕ್ಲಾ?" ಎಂದಳು.

"ಊಟ ಆಗ್ಲಿ."

ಊಟವಾಯಿತು. "ಈಗ?"

"ಸೇತುವೆ ದಾಟ್ಲಿ ಇರೇ. ಇಲ್ಲಿ ಲಾರಿ ಕಾಟ, ನೆಟ್ಟಗೆ ಕೇಳ್ಸಲ್ಲ."

ಗಂಡಸು ಎದೆ ಗಟ್ಟಿ ಮಾಡಿಕೊಳ್ಳುತ್ತಿದ್ದಾನೆ, ಪಾಪ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೂ ಕೈ ಬರುತ್ತಿರಲಿಲ್ಲ. ಕೇಳದೆ ಇರುವವರೆಗೆ ಮಗಳು ಡಬ್ಬಿಯಲ್ಲಿ ಇದ್ದಾಳೆ. ಕೇಳಿದ ಮೇಲೆ ಮುಗಿಯಿತಲ್ಲ. ಸೇತುವೆ ಬಂತು, ಹೋಯಿತು. ಬಿಸಿಲು ಇಳಿಮುಖವಾಯಿತು. ಇನ್ನು ಸ್ವಲ್ಪ ದಾರಿ ಎನ್ನುವಾಗ ಅವಳು ಕಣ್ಣು ರಸ್ತೆಯ ಮೇಲಿಟ್ಟೇ ಡಬ್ಬಿಗೆ ಕೈ ಹಾಕಿ ಗುಬ್ಬಿಯ ಕ್ಯಾಸೆಟ್ಟು ತೆಗೆದಳು.

ಕಾರು ಧಡಕ್ಕನೆ ನಿಂತಿತು.

ಬ್ರೇಕಮ್ಮನ ಎದೆ ಸ್ಟೇರಿಂಗಿಗೆ ಬಡಿಯಿತು. ಹಿಂದಿನ ಲಾರಿ ಹಾರನ್ ಬಾರಿಸುತ್ತ ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಬಾಯಿಗೆ ಬಂದಂತೆ ಬೈದು, ಮುಂದೆ ಹೋಯಿತು. ಅವಳು ತನ್ನ ಕಾಲು ನೋಡಿಕೊಂಡಳು. ಅದು ಬ್ರೇಕಿನ ಮೇಲೆ ಇರಲಿಲ್ಲ. ಅವಳ ಕಣ್ಣು ಮೇಲಕ್ಕೆ ತಿರುಗಿಸಿಟ್ಟ ಕನ್ನಡಿಗೆ ಹೋಯಿತು. ಆಮೇಲೆ ಪಕ್ಕಕ್ಕೆ ತಿರುಗಿದಳು. ಟೇಲರ್ ಎರಡೂ ಪಾದಗಳಿಂದ ಅವಳ ಪೆಡಲನ್ನು ನೆಲಕ್ಕೊತ್ತಿ ಹಿಡಿದು ಕೂತಿದ್ದ.

"ಏನ್ರೀ ಇದು! ಸಾಯೋಣ ಅಂತಾನಾ?"

"ಅದು ಹಾಕ್ಬೇಡ ಕಣೇ" ಎಂದ. ಮುಖ ಬಿಳಿಚಿಕೊಂಡಿತ್ತು. "ಅದರಲ್ಲಿ ಏನೂ ಉಳಿದಿಲ್ಲ."

ಅವಳು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಕ್ಯಾಸೆಟ್ಟನ್ನು ಒಳಗೆ ತಳ್ಳಿದಳು. ಸುಯ್ಯ್ ಎಂದು ಒಂದು ಸದ್ದು. ಆ ಸುಯ್ಯಲಿನ ಅಡಿಯಲ್ಲಿ, ಗೋಡೆಯಾಚೆ ಯಾರೋ ಬಾಗಿಲು ಹಾಕಿಕೊಂಡು ಮಾತಾಡಿದಂತೆ ಏನೋ ಗೊಣಗಿ ಅಡಗಿತು. ಹೆಣ್ಣೋ ಗಂಡೋ ತಿಳಿಯಲಿಲ್ಲ. ಬಳಿಕ ನೀರಿನೊಳಗಿನಿಂದ ಬಂದ ಹಾಗೆ ಒಂದು ಹಾಡು.

ಟೇಲರ್ ತಲೆ ತಗ್ಗಿಸಿ ಹೇಳುತ್ತ ಹೋದ. ಅವಳು ಮಧ್ಯಾಹ್ನ ಪಾಠ ಮುಗಿಸಿ ಬಂದು ಮೇಲೆ ಮಲಗಿದಾಗ, ಕಾರು ಅಂಗಡಿಯ ಮುಂದೆಯೇ ನಿಂತಿರುತ್ತಿತ್ತು. ಗಾಜು ಒರೆಸುತ್ತೇನೆ ಎಂದು ಕೀ ತೆಗೆದುಕೊಂಡು ಹೋಗಿ, ಕಿಟಕಿ ಏರಿಸಿಕೊಂಡು ಕೂರುತ್ತಿದ್ದ. ಮೊದಮೊದಲು ಎಂದಾದರೊಮ್ಮೆ. ಬರಬರುತ್ತ ದಿನಾ.

"ಅಂದ್ರೆ ಬ್ಯಾಟರಿ!" ಎಂದಳು ಬ್ರೇಕಮ್ಮ. ಬ್ಯಾಟರಿ ಮೇಲಿಂದ ಮೇಲೆ ಕೂತುಹೋಗುತ್ತಿದೆ ಎಂದು ಎಲೆಕ್ಟ್ರೀಷಿಯನ್ನನಿಗೆ ಅವಳು ಮಾಡದ ಮಂಗಳಾರತಿ ಇರಲಿಲ್ಲ.

"ಹೂಂ."

ಆಗ ಅವಳ ಕಟ್ಟೆ ಒಡೆಯಿತು. "ನಾನು ಒಂದ್ಸಲಾನೂ ಪೂರ್ತಿ ಕೇಳ್ಲಿಲ್ಲ ರೀ! ಒಂದೇ ಒಂದ್ಸಲ! ಸವೀಬಾರ್ದು ಅಂತ ಜೀವ ಬಿಗಿಹಿಡ್ಕೊಂಡು ಕೂತಿದ್ದೆ. ನೀವು ಇಬ್ಬರ ಪಾಲೂ ಒಬ್ಬರೇ ತಿಂದು ಕೈ ತೊಳ್ಕೊಂಡ್ರಲ್ಲಾ! ನಂಗೆ ಅವಳ ದನಿ ಮರ್ತೇ ಹೋಗಿದೆ, ಗೊತ್ತಾ ನಿಮ್ಗೆ? ಹೆತ್ತವಳಿಗೆ ಮರ್ತುಹೋಗಿದೆ!" ಸ್ಟೇರಿಂಗಿಗೆ ತಲೆ ಕೊಟ್ಟು ಗೊಳೋ ಎಂದು ಅತ್ತಳು. ದಾರಿಹೋಕನೊಬ್ಬ ಬಗ್ಗಿ ನೋಡಿ, ಗಂಡ ಹೆಂಡಿರ ಜಗಳ ಎಂದುಕೊಂಡು ಸರಸರ ನಡೆದ.

"ನಿಲ್ಸೋಕೆ ನೋಡ್ದೆ" ಎಂದ ಟೇಲರ್. "ಸವೀತಾ ಇದೆ ಅಂತ ಗೊತ್ತಾಗ್ತಿತ್ತು. ಪೂರ್ತಿ ಹೋಗೋದ್ರೊಳಗೆ ಕೇಳ್ಕೊಂಬಿಡಣ ಅಂತ ಇನ್ನೂ ಜಾಸ್ತಿ ಕೇಳ್ದೆ."

ಅವಳು ಮೂಗು ಒರೆಸಿಕೊಂಡು ಕಾರು ಹೊರಡಿಸಿದಳು. ಟೇಪನ್ನು ಇಬ್ಬರೂ ಆರಿಸಲಿಲ್ಲ. ನೀರೊಳಗಿನ ಹಾಡು ಮುಗಿಯಿತು, ಸುಯ್ಯಲು ಉಳಿಯಿತು. ಆಗ ಟೇಲರ್ ಎದುರಿನ ಗಾಜು ನೋಡುತ್ತಲೇ ಬಾಯಿ ತೆರೆದ.

"ಕೇಳುಗರೇಏ... ಮುಂದಿನ ಹಾಡು ಕೋರಿದವರು ನಮ್ಮ ಬೀದಿಯ ಬೆಕ್ಕು. ಬೆಕ್ಕಿನ ವಿಳಾಸ ಸಿಕ್ಕಿಲ್ಲ. ಸಿಕ್ಕಿದವರು ದಯವಿಟ್ಟು..." ಇಲ್ಲಿ ಉಗುಳು ನುಂಗಿದ, ಕಿಸಕ್ಕೆಂದ. "ಛೀ, ತಪ್ಪಾಯ್ತು, ಮೊದ್ಲಿಂದ."

ಅವನು ಬಾಯಿ ಮುಚ್ಚುವುದಕ್ಕೂ ಟೇಪಿನಲ್ಲಿ ಹಾಡು ಏಳುವುದಕ್ಕೂ ಸರಿಹೋಯಿತು. ಬ್ರೇಕಮ್ಮನ ಕತ್ತಿನ ಕೂದಲು ನಿಮಿರಿತು. ದನಿ ಗಂಡನದೇ, ನಶ್ಯ ಹಾಕುವವರ ಗೊಗ್ಗರು ದನಿ. ಆದರೆ ಕೇಳುಗರೇ ಎನ್ನುವಾಗ ಬಾಲ ಎಳೆದದ್ದು ಅವನಲ್ಲ. ಬೆಕ್ಕಿನ ಹತ್ತಿರ ನಗು ತಡೆದದ್ದು ಅವನಲ್ಲ. ಅವನು ಜನ್ಮದಲ್ಲಿ ಕಿಸಕ್ಕೆಂದವನೇ ಅಲ್ಲ.

"ದನಿ ನನ್ನತ್ರ ಇಲ್ಲ ಕಣೇ" ಎಂದ. "ಮಿಕ್ಕಿದ್ದೆಲ್ಲಾ ಇದೆ. ಕೊನೇವರೆಗೂ."

"ಇನ್ನೊಂದ್ಸಲ ಹೇಳಿ."

ಹೇಳಿದ. ಮೆಕ್ಯಾನಿಕ್ ಶಾಲೆಯ ಬೋರ್ಡು ಬಂತು. ಅವಳು ನಿಲ್ಲಿಸಲಿಲ್ಲ, ದಾಟಿಕೊಂಡು ಹೋದಳು. ಮೂರನೆಯ ಸಲ ಅವನು ಅರ್ಧಕ್ಕೇ ನಿಲ್ಲಿಸಿದ.

"ನನ್ನ ಬಾಯಲ್ಲಿ ಇದು ಚೆನ್ನಾಗಿರಲ್ಲ. ನೀನು ಹೇಳು" ಎಂದ. "ಫೋನ್ ಎತ್ತಿದ್ರೆ ತಾಯಿ ಯಾರು ಮಗಳು ಯಾರು ಅಂತ ಗಿರಾಕಿಗಳು ಪೇಚಾಡ್ತಿರ್ಲಿಲ್ವಾ? ಅವಳಿಗಿದ್ದಿದ್ದು ನಿನ್ನ ಗಂಟಲೇ."

ತನ್ನ ದನಿ ತನಗೆಲ್ಲಿ ಕೇಳಿಸುತ್ತದೆ? ಅವಳಿಗೆ ಅದು ಹೊಳೆದೇ ಇರಲಿಲ್ಲ. ಕಲಿಸುವ ಕೆಲಸದವಳು ಕಲಿಯಲು ಕೂತಳು. "ಕೇಳುಗರೇ, ಮುಂದಿನ ಹಾಡು..."

"ಅಲ್ಲಲ್ಲ. ಬಾಲ ಎಳಿ. ಆಮೇಲೆ ನಿಲ್ಲು. ಅಲ್ಲಿ ಅವಳು ಉಸಿರು ತಗೋತಾಳೆ."

ಬ್ರೇಕಮ್ಮ ಎಳೆದಳು, ನಿಂತಳು, ಉಸಿರು ತೆಗೆದುಕೊಂಡಳು. "ಕೇಳುಗರೇಏ... ಮುಂದಿನ ಹಾಡು ಕೋರಿದವರು ನಮ್ಮ ಬೀದಿಯ ಬೆಕ್ಕು."

ಕಾರಿನೊಳಗೆ ಗುಬ್ಬಿ ಮಾತಾಡಿದಳು. ಇಬ್ಬರಿಗೂ ಭಯವಾಯಿತು. ಟೇಲರ್ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹೇಳಮ್ಮಾ" ಎಂದ, ಹೆಂಡತಿಗಲ್ಲ. "ಮುಂದೆ ಹೇಳು, ಪುಟ್ಟೀ."

ಅವಳು ಮುಂದೆ ಹೇಳಿದಳು.