ಕೊಟ್ಟಿಗೆಯಲ್ಲಿ ಕಲಿತ ಗುಡ್ಡದ ನುಡಿ

ಕಾಗದದ ಮೇಲೆ ನಾನು ಏಳು ಭಾಷೆ ಬಲ್ಲವನಾಗಿದ್ದೆ. ಏಳಲ್ಲ, ಆರು ಇದ್ದಿರಬಹುದು. ಏಳು ಎಂದರೆ ಕೇಳುವವರು ಹುಬ್ಬೇರಿಸುತ್ತಾರೆಂದು ಹಾಗೇ ಹೇಳಿಕೊಂಡು ಬಂದಿದ್ದೇನೆ. ಕಾಗದದ ಹೊರಗೆ ನನಗೆ ಬರುತ್ತಿದ್ದದ್ದು ಕನ್ನಡ, ಮತ್ತು ಉತ್ತರಪತ್ರಿಕೆಯ ಮೇಲೆ ಮಾತ್ರ ಬಾಯಿ ಬಿಡುವ ಇಂಗ್ಲಿಷು. ಮೈಸೂರಿನಲ್ಲಿ ಭಾಷಾಶಾಸ್ತ್ರದ ಎಂ.ಎ. ಮುಗಿಸಿ ಹುಣಸೂರಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದ ಕಾಲ ಅದು. ಪ್ರಪಂಚದ ಭಾಷೆಗಳನ್ನೆಲ್ಲ ಕುಟುಂಬಗಳಾಗಿ ವಿಂಗಡಿಸಬಲ್ಲವನಾಗಿದ್ದೆ. ಒಂದು ಕುಟುಂಬದವರ ಜೊತೆಗೂ ಮಾತಾಡಬಲ್ಲವನಾಗಿರಲಿಲ್ಲ.

ಹಾಸ್ಟೆಲಿನಲ್ಲಿದ್ದಾಗ ಯಾರೋ ಕೊಟ್ಟ ಜೆರಾಕ್ಸ್ ಪುಸ್ತಕವೊಂದು ನನ್ನ ಬಳಿ ಉಳಿದುಕೊಂಡಿತ್ತು. ರಾಜರು, ಕೋಟೆಗಳು, ಕತ್ತಿಗಳ ಕಾಲದ ಒಂದು ಆಟದ ನಿಯಮಗಳು ಅದರಲ್ಲಿದ್ದವು. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ತಮಗೆ ಬೇಕಾದ ಒಬ್ಬೊಬ್ಬ ಮನುಷ್ಯನನ್ನು ಹಾಳೆಯ ಮೇಲೆ ಸೃಷ್ಟಿಸಿಕೊಂಡು, ಅವನ ಪರವಾಗಿ ಮಾತಾಡುತ್ತಾ ಆಡುತ್ತಾರೆ. ಅನುಮಾನ ಬಂದಾಗ ದಾಳ ಹಾಕುತ್ತಾರೆ. ನಾವಿದ್ದದ್ದು ಮೂವರೇ. ಕತೆ ನಡೆಸುತ್ತಿದ್ದವನು ರಾವಂದೂರಿನ ಕಡೆಯ ರೈತ. ಹೊಗೆಸೊಪ್ಪು ಬೇಯಿಸಿ ಹದಮಾಡುವ ಅವನ ಬ್ಯಾರನ್ ಮನೆಯ ಪಕ್ಕದ ಚಪ್ಪರವೇ ನಮ್ಮ ಅರಮನೆ. ಹೊಗೆಸೊಪ್ಪು ಬೇಯುವಷ್ಟು ದಿನ ಬ್ಯಾರನ್ನಿನ ಒಲೆ ಆರುವಂತಿಲ್ಲ, ಅವನು ಅಲ್ಲಾಡುವಂತಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ನಾವೇ ಅಲ್ಲಿಗೆ ಹೋಗಿ ಗೋಣಿಚೀಲದ ಮೇಲೆ ದಾಳ ಹಾಕುತ್ತಿದ್ದೆವು.

ಮೂರನೆಯವನದು ಪಿರಿಯಾಪಟ್ಟಣದಲ್ಲಿ ಬೀಜ ಗೊಬ್ಬರದ ಅಂಗಡಿ. ಆಟದಲ್ಲಿ ಅವನೊಬ್ಬ ಸೇನಾನಿ. ಮೊದಲ ಭಾನುವಾರದಿಂದ ಸಾಕಿದ ಸೇನಾನಿ; ಯಾರಿಗೂ ತಲೆ ಬಗ್ಗಿಸುವುದಿಲ್ಲವೆಂದು ಆಣೆ ಮಾಡಿದವನು. ಆಟದಲ್ಲಿ ಸತ್ತವರ ಹಾಳೆ ಬ್ಯಾರನ್ ಒಲೆಗೆ ಎಂಬುದು ನಮ್ಮ ಕಟ್ಟಳೆ. ನನ್ನ ಹಾಳೆಗಳು ಎಷ್ಟೋ ಹೋಗಿದ್ದವು. ಅವನದು ಒಂದೂ ಹೋಗಿರಲಿಲ್ಲ. ‘ಅದು ವೋದ ದಿನ ನಾನೂ ಬರಾಕಿಲ್ಲ ಕಣ್ರಲಾ’ ಎಂದು ಅವನು ಆಗಾಗ ಹೇಳುತ್ತಿದ್ದ. ಇಬ್ಬರೇ ಕೂತು ಆ ಆಟ ಆಡಲಾಗುವುದಿಲ್ಲ.

ನನ್ನ ಮನುಷ್ಯ ದುಭಾಷಿ. ಪುಸ್ತಕದ ಪ್ರಕಾರ, ಗೆದ್ದಾಗ ಬರುವ ಪಾಯಿಂಟುಗಳನ್ನು ಕತ್ತಿವರಸೆಗೆ ಹಾಕಬಹುದು, ಇಲ್ಲವೇ ಒಂದು ಭಾಷೆಗೆ ಹಾಕಬಹುದು. ನಾನು ಬಂದದ್ದನ್ನೆಲ್ಲ ಭಾಷೆಗೇ ಸುರಿದೆ. ಕತೆ ನಡೆಸುವವನಿಗೆ ಇದು ಸರಿಬರಲಿಲ್ಲ.

‘ಪಾಯಿಂಟ್ ಆಕ್ಬುಟ್ರೆ ಭಾಷೆ ಬಂದ್ಬುಡ್ತದೇನ್ಲಾ ಮೇಷ್ಟ್ರೇ? ಒಂದ್ ಮನೇಲಿರ್ಬೇಕು, ಅವ್ರ್ ಕೆಲ್ಸ ಮಾಡ್ಬೇಕು, ಅವ್ರ್ ತಾವ ಬೈಸ್ಕೋಬೇಕು. ಆಗ್ ಬತ್ತದೆ.’

ಅಂದಿನಿಂದ ನಿಯಮ ಬದಲಾಯಿತು. ನುಡಿ ಬೇಕಾದರೆ ದುಭಾಷಿ ಆ ನುಡಿಯವರ ಮನೆಯಲ್ಲಿ, ಆಟದ ಲೆಕ್ಕದಲ್ಲಿ, ಒಂದು ಮಳೆಗಾಲವಾದರೂ ಜೀತಕ್ಕಿರಬೇಕು. ಆ ಕೆಲಸದಲ್ಲಿ ಕಿವಿಗೆ ಬಿದ್ದ ಮಾತುಗಳಷ್ಟೇ ನನ್ನ ಪಾಲಿಗೆ. ಆಟದಲ್ಲಿ ನಮಗೆ ಎದುರಾಳಿಯಾಗಿದ್ದ ಗುಡ್ಡದ ದೊರೆಯ ನುಡಿ ಕಲಿಯಲು ಎರಡು ದಾರಿಯಿತ್ತು. ಶ್ಯಾನುಭೋಗನ ಮನೆಯಲ್ಲಾದರೆ ಎರಡು ಮಳೆಗಾಲ, ಕೊಟ್ಟಿಗೆಯಲ್ಲಾದರೆ ಒಂದೇ. ನಾನು ಕೊಟ್ಟಿಗೆಯನ್ನು ಆರಿಸಿಕೊಂಡೆ. ಪಟ್ಟಿಗೆ ಇನ್ನೊಂದು ಭಾಷೆ ಸೇರಿತೆಂದು ಬೀಗಿದೆ. ಎಚ್.ಡಿ. ಕೋಟೆ ಕಡೆ ಶುಂಠಿ ಹಾಕಲು ಬಂದ ಕೇರಳದವರಿಂದ ಅಂಗಡಿಯವನು ಮಲೆಯಾಳ ಕಲಿತಿದ್ದ. ಅವನ ಮಲೆಯಾಳದಲ್ಲಿ ಗೊಬ್ಬರದ ಮೂಟೆ, ಔಷಧದ ಡಬ್ಬ ಬಿಟ್ಟರೆ ಬೇರೇನೂ ಇಲ್ಲವೆಂದು ನಗಾಡುತ್ತಿದ್ದವನು ನಾನೇ.

ಸೇನಾನಿ ಒಂದು ಭಾನುವಾರ ಸಿಕ್ಕಿಬಿದ್ದ. ಗುಡ್ಡದ ದೊರೆಯ ಕೋಟೆಯಲ್ಲಿ ಅವನನ್ನು ಕಂಬಕ್ಕೆ ಕಟ್ಟಿದರು. ದುಭಾಷಿ ಹೋಗಿ ಬಿಡಿಸಿಕೊಂಡು ಬರಬೇಕು, ಇಲ್ಲವಾದರೆ ತಲೆ ಹೋಗುತ್ತದೆ. ಕತೆ ನಡೆಸುವವನು ಸೇನಾನಿಯ ಹಾಳೆಯನ್ನು ತನ್ನ ಕೈಗೆ ತೆಗೆದುಕೊಂಡು ಒಲೆಯ ಬಾಯಿಯ ಹತ್ತಿರ ಕೂತ.

ನಾನು ಗಂಟಲು ಸರಿಮಾಡಿಕೊಂಡೆ. ‘ಮಹಾಪ್ರಭು, ಈತ ನಿರಪರಾಧಿ...’

‘ತಡಿಲಾ. ನಿರಪರಾಧಿ ಅನ್ನೋ ಮಾತ ಕೊಟ್ಟಿಗೇಲಿ ಯಾರ್ ಯೋಳ್ಕೊಟ್ರು ನಿಂಗೆ? ದೊರೆಗೆ ಅರ್ಥ ಆಗ್ನಿಲ್ಲ.’

‘ಕರುಣೆ ಇರಲಿ...’

‘ಅದೂ ಇಲ್ಲ.’

‘ಕ್ಷಮೆ?’

‘ಸಗಣಿ ಬಾಚೋವಾಗ ಯಾರಾರ ನಿನ್ ಕ್ಷಮೆ ಕೇಳಿದ್ರಾ?’

ಅಂಗಡಿಯವನಿಗೆ ತಡೆಯಲಾಗಲಿಲ್ಲ. ‘ಲೇ ಮೇಷ್ಟ್ರೇ, ಏನಾರ ಯೋಳ್ಲಾ! ಎಂಯೆ ಮಾಡಿವ್ನಿ ಅಂತೀಯ, ನನ್ ತಲೆ ಓಯ್ತಾ ಅದೆ!’

ಎಂ.ಎ.ಯನ್ನು ಮೂಲೆಗಿಟ್ಟು ಹುಡುಕಿದೆ. ಹುಲ್ಲು, ಹಗ್ಗ, ಗೂಟ, ನೀರು, ಎತ್ತು, ಹೊಲ, ಕಟ್ಟು, ಬಿಚ್ಚು, ಬೇಕಾದಷ್ಟು ಬೈಗುಳ. ನನ್ನ ಹತ್ತಿರ ಇದ್ದದ್ದೇ ಇಷ್ಟು. ಇಷ್ಟರಲ್ಲಿ ಒಂದು ಜೀವ ಬೇಡಬೇಕು. ಆಗ ಹೊಳೆಯಿತು. ಹೊಳೆದದ್ದು ನನಗೇ ಎಂದು ಇಷ್ಟು ವರ್ಷ ನಂಬಿದ್ದೇನೆ. ಅಂಗಡಿಯವನೇ ಪಿಸುಗುಟ್ಟಿದ್ದು ಎನ್ನುತ್ತಾನೆ ಕತೆ ನಡೆಸುತ್ತಿದ್ದವನು. ಇರಬಹುದು, ನನ್ನ ನೆನಪು ನನಗೆ ಅನುಕೂಲವಾಗುವ ಕಡೆಗೇ ವಾಲುತ್ತದೆ.

‘ಎತ್ತು ನಂದು,’ ಎಂದೆ. ‘ಹಗ್ಗ ಕಿತ್ಕೊಂಡು ನಿಮ್ಮ ಹೊಲಕ್ಕೆ ನುಗ್ಗಿದೆ. ಹೊಡ್ಕೊಂಡು ಹೋಗ್ತೀನಿ.’

ನಮ್ಮ ಕಡೆ ದನ ಇನ್ನೊಬ್ಬರ ಹೊಲಕ್ಕೆ ಬಿದ್ದು ಸಿಕ್ಕಿಹಾಕಿಕೊಂಡರೆ ಒಡೆಯ ಹೋಗಿ ವಾದ ಮಾಡುವುದಿಲ್ಲ. ಹೊಲದವನ ಕಣ್ಣೆದುರಿಗೇ ದನಕ್ಕೆ ಬಾಯಿಗೆ ಬಂದಂತೆ ಬೈದು, ಬೆನ್ನಿಗೆ ಎರಡು ಬಿಟ್ಟು, ಹಗ್ಗ ಹಾಕಿ ಹೊಡೆದುಕೊಂಡು ಬರುತ್ತಾನೆ. ಬೈಗುಳ ಕೇಳಿ ಹೊಲದವನ ಹೊಟ್ಟೆ ತಣ್ಣಗಾಗಬೇಕು. ಅದಾಗುವ ತನಕ ದನ ಬಿಡುವುದಿಲ್ಲ.

‘ಸರಿ,’ ಎಂದ ಕತೆ ನಡೆಸುವವನು. ‘ಬೈಯಿ ಮತ್ತೆ.’

‘ಕೆಟ್ಟ ಎತ್ತು,’ ಎಂದೆ.

‘ಥೂ! ಅದೂ ಒಂದ್ ಬೈಗುಳ್ವಾ? ದೊರೆ ಆಕಳಿಸ್ತಾವ್ನೆ.’

‘ಇನ್ನೂ ಬೈಯ್ಲಾ!’ ಎಂದು ಸೇನಾನಿಯೇ ಅಂಗಲಾಚಿದ.

ನಾನು ಎದ್ದು ನಿಂತೆ. ‘ತಿನ್ನೋಕೆ ಮುಂದು, ನೊಗಕ್ಕೆ ಹಿಂದು! ಮುದಿ ಗೊಡ್ಡು! ಕೊಂಬಿದ್ದರೆ ಸಾಕಾ, ತಲೆಯೊಳಗೆ ಏನಾದ್ರೂ ಬೇಡ್ವಾ? ನಿನ್ನ ಚರ್ಮ ಸುಲೀತೀನಿ, ಮನೆಗೆ ನಡಿ!’

ಕಾಫಿ ತಂದ, ಕತೆ ನಡೆಸುವವನ ತಾಯಿ ಚಪ್ಪರದ ಬಾಗಿಲಲ್ಲೇ ನಿಂತುಬಿಟ್ಟರು. ‘ಯಾರೆತ್ಲಾ ಅದು? ಯಾರೊಲಕ್ ನುಗ್ತು?’

‘ಮೇಷ್ಟ್ರುದು ಕಣವ್ವ.’

‘ಮೇಷ್ಟ್ರು ಎತ್ತು ಯಾವಾಗ್ ತಕ್ಕೊಂಡ್ರು?’ ಎಂದವರೇ ನನ್ನ ಕಡೆ ತಿರುಗಿ, ‘ಅಂಗೆಲ್ಲ ಬೈಬ್ಯಾಡಿ ಬುಡಿ ಮೇಷ್ಟ್ರೇ. ಮೂಕ್ ಪ್ರಾಣಿ’ ಎಂದರು.

ಮೂಕ ಪ್ರಾಣಿ ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ‘ಮುದಿ ಅಂದ್ಯಾ? ಗೊಡ್ಡು ಅಂದ್ಯಾ? ನನ್ ಸೇನಾನೀನ?’

‘ಬಿಡ್ಸೋಕೆ ಅಂದೆ ಕಣೋ.’

‘ಬಿಡ್ಸೋಕೆ ಅಂಗನ್ಬೇಕಾ? ಬೇರೆ ಬೈಗುಳ ಇರ್ನಿಲ್ವಾ?’

ಆಮೇಲೆ ದಾಳ ಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಗೋಣಿಚೀಲದ ಮಡಿಕೆಗೆ ತಗಲಿ ಅದು ಅರೆಕ್ಷಣ ಓರೆಯಾಗಿ ನಿಂತಿತ್ತು. ದಾಳವನ್ನೇ ಹಾಕಲಿಲ್ಲ, ಬೈಗುಳಕ್ಕೆ ದೊರೆ ತಾನೇ ನಕ್ಕುಬಿಟ್ಟ ಎಂಬುದು ಉಳಿದಿಬ್ಬರ ಸಾಕ್ಷ್ಯ. ಹೇಗೇ ಇರಲಿ, ದೊರೆ ಒಪ್ಪಿದ. ಆದರೆ ಎತ್ತು ಎಂದ ಮೇಲೆ ಎತ್ತಿನ ಹಾಗೇ ಹೋಗಬೇಕು. ಕೊರಳಿಗೆ ಹಗ್ಗ ಹಾಕಿ ಕೋಟೆಯ ಬೀದಿಯುದ್ದಕ್ಕೂ, ಜನರೆಲ್ಲ ನೋಡುವಂತೆ, ಹೊಳೆಯವರೆಗೆ ಹೊಡೆದುಕೊಂಡು ಹೋಗಬೇಕು.

‘ತಲೆ ಬಗ್ಸ್ತಾನಾ?’ ಎಂದು ಕತೆ ನಡೆಸುವವನು ಕೇಳಿದ. ನಾನು ಬಾಯಿ ತೆರೆದೆ. ‘ನೀನಲ್ಲ ಮೇಷ್ಟ್ರೇ. ಅವ್ನ್ ಯೋಳ್ಬೇಕು.’

ಒಲೆಯ ಬೆಳಕಿನಲ್ಲಿ ಹಾಳೆಯ ಅಂಚು ಬಿಸಿಗೆ ಸುರುಳಿಯಾಗುತ್ತಿತ್ತು. ಅಂಗಡಿಯವನು ತನ್ನ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟ. ಅಷ್ಟು ಹೊತ್ತೂ ನನಗೆ ಗೊತ್ತಿದ್ದ ಭಾಷೆಗಳೆಲ್ಲ ಸೇರಿದರೂ ಅವನನ್ನು ಒಪ್ಪಿಸುವ ಒಂದು ಮಾತು ನನ್ನಲ್ಲಿರಲಿಲ್ಲ. ಕೊನೆಗೆ ಅವನು ಕೈ ಚಾಚಿ ಹಾಳೆಯನ್ನು ಕಿತ್ತುಕೊಂಡ. ಅದನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ನನ್ನ ಮುಂದೆ ಕತ್ತು ಬಗ್ಗಿಸಿದ.

‘ಆಕ್ಲಾ ಅಗ್ಗ,’ ಎಂದ. ‘ಹೊಳೆ ದಾಟೋಗಂಟ ಒಡ್ಕೊಂಡೋಗು. ದಾಟಿದ್ಮೇಲೆ ಅದೆ ನಿಂಗೆ.’