ನಮ್ಮ ಭಾವ ಮಾಡದ ಪ್ರಾರ್ಥನೆ

ನಮ್ಮ ಭಾವನ ಬಾಯಲ್ಲಿ ಸದಾ ಮೊಳೆ ಇರುತ್ತದೆ. ಗಾಬರಿಯಾಗಬೇಡಿ, ಹಳೆಯ ಸೋಫಾಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಒಂದು ಹಿಡಿ ಸಣ್ಣ ಮೊಳೆಗಳನ್ನು ಕೆನ್ನೆಯೊಳಗೆ ಇಟ್ಟುಕೊಂಡು, ನಾಲಿಗೆಯಲ್ಲೇ ತಿರುಗಿಸಿ ಒಂದೊಂದಾಗಿ ತುಟಿಗೆ ತರುತ್ತಾರೆ. ಅಯಸ್ಕಾಂತದ ಸುತ್ತಿಗೆ ಅದನ್ನು ತುಟಿಯಿಂದಲೇ ಎತ್ತಿಕೊಂಡು ಬಟ್ಟೆಯ ಅಂಚಿಗೆ ಬಡಿಯುತ್ತದೆ. ಇನ್ನೊಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಅದಕ್ಕೇ ಈ ಏರ್ಪಾಡು. ಹೀಗಾಗಿ ಹಗಲಿಡೀ ಅವರ ಮಾತೆಂದರೆ 'ಹೂಂ', 'ಊಹೂಂ' ಎರಡೇ. "ಇವರ ಜೊತೆ ಒಂದು ಸಲಾನೂ ನೆಟ್ಟಗೆ ಜಗಳ ಆಡಕ್ಕೆ ಆಗ್ಲಿಲ್ಲ ಕಣೇ, ನಾನು ಶುರು ಮಾಡೋ ಹೊತ್ತಿಗೆ ಮೊಳೆ ಹಾಕ್ಕೊಂಡುಬಿಡ್ತಾರೆ" ಎಂದು ನಮ್ಮಕ್ಕ ಬದುಕಿದ್ದಾಗ ಹೇಳಿ ನಗುತ್ತಿದ್ದಳು.

ನಾನು ಅಕ್ಕನ ತಂಗಿ. ಭಾವನ ಅಂಗಡಿಯಲ್ಲೇ ಮೂಲೆಯ ಮೆಷಿನ್ನಿನಲ್ಲಿ ಕೂತು ಕುಶನ್ ಕವರ್ ಹೊಲಿಯುತ್ತೇನೆ. ನನ್ನ ಬಾಯಿಗೆ ಮೊಳೆಯೂ ಇಲ್ಲ, ಬೀಗವೂ ಇಲ್ಲ. ಗಿರಾಕಿಗಳಿಗೆ ಬಯ್ಯುವುದು, ಭಾವನಿಗೆ ಬಯ್ಯುವುದು, ಬೇಕಾದಾಗ ದೇವರಿಗೂ ಬಯ್ಯುವುದು ನನ್ನ ಪಾಲಿನ ಕೆಲಸ.

ಭಾವ ಬಾಯಿ ಬಿಚ್ಚುತ್ತಿದ್ದುದು ಪ್ರಾರ್ಥನೆಗೆ ಮಾತ್ರ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಸಭೆ ಸೇರುತ್ತದೆ. ಉದ್ದನೆಯ ಒಂದು ಹಾಲ್, ಬೆಂಚುಗಳು, ಗೋಡೆಯ ಮೇಲೆ ಮರದ ಶಿಲುಬೆ. ಪ್ರಸಂಗದ ನಡುವೆ ಕೆಳಗಡೆ ಗಾಳಿ ತುಂಬುವ ಯಂತ್ರ ಸದ್ದು ಮಾಡಿದರೆ ಪಾದ್ರಿಗಳೂ ಅಷ್ಟು ಹೊತ್ತು ನಿಂತು ಉಸಿರು ತುಂಬಿಕೊಳ್ಳುತ್ತಾರೆ. ಬುಧವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ನಮ್ಮದೊಂದು ಪದ್ಧತಿಯಿದೆ. ಯಾರಾದರೂ ಎದ್ದು ತಮ್ಮ ಕಷ್ಟ ಹೇಳಿಕೊಂಡರೆ ಎಲ್ಲರೂ ಸೇರಿ ಗೊಣಗುವುದಿಲ್ಲ. ಒಬ್ಬರು ಕೈ ಎತ್ತಿ, "ನಾನು ಹೊತ್ಕೊಳ್ತೀನಿ" ಎನ್ನಬೇಕು. ಅಲ್ಲಿಗೆ ಆ ಕಷ್ಟ ಅವರದು. ಅದು ತೀರುವ ತನಕ ದಿನಾ ಬೆಳಿಗ್ಗೆ ಅವರು ಅದನ್ನು ದೇವರ ಮುಂದೆ ಇಡಬೇಕು. ಉಳಿದವರು ಮುಂದಿನ ಕಷ್ಟಕ್ಕೆ ಹೋಗುತ್ತಾರೆ. ಎಲ್ಲರ ಕೆಲಸ ಎಂದರೆ ಯಾರೂ ಮಾಡದ ಕೆಲಸ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಭಾವ ಹೊತ್ತಷ್ಟು ಕಷ್ಟಗಳನ್ನು ಯಾರೂ ಹೊತ್ತಿಲ್ಲ. ಅಂಗಡಿಯ ಬಾಗಿಲು ತೆಗೆಯುವ ಮೊದಲು ಉಳಿಕೆ ಫೋಮಿನ ತುಂಡೊಂದನ್ನು ನೆಲಕ್ಕೆ ಹಾಕಿ, ಅದರ ಮೇಲೆ ಮೊಣಕಾಲೂರಿ, ಒಬ್ಬೊಬ್ಬರ ಹೆಸರನ್ನೂ ಹೇಳುತ್ತಿದ್ದರು. ಕೆಲಸ ಹೋದವರು, ಮಕ್ಕಳಿಲ್ಲದವರು, ಕುಡುಕ ಗಂಡನ ಕೈಗೆ ಸಿಕ್ಕವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಬೀದಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, "ಮೊಳೆ ಅಣ್ಣಂಗೆ ಹೇಳಿದ್ರಾ?" ಎಂದೇ ಮೊದಲು ಕೇಳುತ್ತಿದ್ದರು.

ಅಕ್ಕನ ಕಿಡ್ನಿ ಕೆಟ್ಟಾಗ ಅದನ್ನೂ ಅವರೇ ಹೊತ್ತರು. ಬೇರೆಯವರು ಕೈ ಎತ್ತಿದರೂ ಬೇಡವೆಂದರು. ಆಸ್ಪತ್ರೆಯ ಬೆಂಚಿನ ಮೇಲೆ, ಬಸ್ಸಿನಲ್ಲಿ, ಅರ್ಧ ಬಿಚ್ಚಿದ ಸೋಫಾದ ಪಕ್ಕದಲ್ಲಿ, ಎಲ್ಲಿದ್ದರೂ ಅದೇ ಪ್ರಾರ್ಥನೆ. ಅಕ್ಕ ಉಳಿಯಲಿಲ್ಲ. ನಾನು ಅಂದೇ ದೇವರ ಮೇಲೆ ಹರಿಹಾಯ್ದೆ. ಸಮಾಧಿ ಮಾಡಿ ಬಂದವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ ನೆರೆಮನೆಗೆ ಕೇಳುವಷ್ಟು ಜೋರಾಗಿ ಜಗಳವಾಡಿದೆ. ಅತ್ತು ಅತ್ತು ಸುಸ್ತಾಗಿ, ಕೊನೆಗೆ ಆ ದೇವರ ಮಡಿಲಲ್ಲೇ ತಲೆಯಿಟ್ಟು ಮಲಗಿದೆ. ಭಾವ ಮಾತ್ರ ಒಂದು ಮಾತೂ ಆಡಲಿಲ್ಲ. ಭಾನುವಾರ ಎಂದಿನ ಹಾಗೆ ಮುಂದಿನ ಬೆಂಚಿನಲ್ಲಿ ಕೂತು ಹಾಡಿದರು. "ಎಂಥಾ ನಂಬಿಕೆ ನೋಡು" ಎಂದು ಜನ ಹೊಗಳಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಒಂದು ಬುಧವಾರ ಬ್ರೆಡ್ ಅಂಗಡಿಯವಳು ಎದ್ದು ನಿಂತಳು. ಗಂಡನಿಲ್ಲದ ಹೆಣ್ಣು, ಒಬ್ಬಳೇ ಮಗಳು. ಮಗಳಿಗೆ ಮೂರ್ಛೆ ಬರುತ್ತಿತ್ತು. ಊಟಕ್ಕೆ ಕೂತಲ್ಲಿ, ಸ್ನಾನದ ಮನೆಯಲ್ಲಿ, ಎಲ್ಲಿ ಬೇಕೆಂದರಲ್ಲಿ ಬಿದ್ದುಬಿಡುತ್ತಿದ್ದಳು. ಆ ತಾಯಿ ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ಕಣ್ಣೂ ಮುಂದಿನ ಬೆಂಚಿಗೆ ಹೋಯಿತು. ಭಾವನ ಕೈ ಮೇಲೆದ್ದಿತು.

"ನಾನು ಹೊತ್ಕೊಳ್ತೀನಮ್ಮ" ಎಂದರು.

ತಿಂಗಳುಗಳು ಕಳೆದವು. ಡಾಕ್ಟರು ಮಾತ್ರೆ ಬದಲಾಯಿಸಿ ನೋಡಿ, ಕೊನೆಗೆ ಸರಿಯಾದದ್ದು ಸಿಕ್ಕಿ, ಹುಡುಗಿಗೆ ಮೂರ್ಛೆ ಬರುವುದು ನಿಂತಿತು. ಒಂದು ಭಾನುವಾರ ಅವಳಮ್ಮ ಸಾಕ್ಷಿ ಹೇಳಲು ಮುಂದೆ ಬಂದಳು. "ದೇವರು ದೊಡ್ಡವನು. ಆದ್ರೆ ದಿನಾ ಬೆಳಿಗ್ಗೆ ನನ್ನ ಮಗಳ ಹೆಸರನ್ನ ಅವನ ಕಿವಿಗೆ ಹಾಕಿದ್ದು ಈ ಅಣ್ಣ" ಎಂದು ಭಾವನ ಕಡೆ ಕೈ ತೋರಿಸಿ ಅತ್ತುಬಿಟ್ಟಳು. ಹಾಲಿನ ತುಂಬ "ಸ್ತೋತ್ರ, ಸ್ತೋತ್ರ" ಎಂಬ ಸದ್ದು. ಭಾವ ಚಪ್ಪಲಿ ನೋಡುತ್ತಾ ಕೂತಿದ್ದರು. ಹೊಗಳಿಕೆಗೆ ನಾಚಿದ್ದಾರೆ ಎಂದುಕೊಂಡು ನಾನು ಅವರ ಬೆನ್ನಿಗೆ ತಿವಿದೆ.

ಆ ವಾರ ಅವರು ಕೆಲಸ ಕೆಡಿಸಿದರು. ಹಸಿರು ಮಖಮಲ್ಲಿನ ದೊಡ್ಡ ಸೋಫಾವೊಂದಕ್ಕೆ ಬಟ್ಟೆಯನ್ನು ತಲೆಕೆಳಗಾಗಿ ಹೊಡೆದುಬಿಟ್ಟಿದ್ದರು. ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕಿದೆ. ಮೇಲಿನಿಂದ ಕೆಳಕ್ಕೆ ಸವರಿದರೆ ನುಣುಪಾಗಿರಬೇಕು, ಇಲ್ಲವಾದರೆ ಕೂತವರ ಬೆನ್ನಿಗೆಲ್ಲ ಎದುರು ನಿಲ್ಲುತ್ತದೆ. ಕಲಿಯುವವರೂ ಮಾಡದ ತಪ್ಪು. "ಕಣ್ಣು ಎಲ್ಲಿಟ್ಕೊಂಡಿದ್ರಿ ಭಾವ? ಪೂರ್ತಿ ಬಿಚ್ಚಬೇಕು ಈಗ!" ಎಂದು ರೇಗಿದೆ. "ಹೂಂ" ಎಂದರು. ನಾನು ಸಮಾಧಾನವಾಗಲಿ ಎಂದು ಬ್ರೆಡ್ ಅಂಗಡಿಯ ಹುಡುಗಿಯ ಮಾತು ತೆಗೆದರೆ, ಕುಂಬಳಕಾಯಿ ಕಳ್ಳ ಎಂದ ಕೂಡಲೇ ಹೆಗಲು ಮುಟ್ಟಿಕೊಂಡವನ ಹಾಗೆ ಬೆಚ್ಚಿಬಿದ್ದರು.

ಆಗಲೇ ಪಕ್ಕದ ಅಂಗಡಿಯವರು ಓಡಿಬಂದು ಹೇಳಿದರು: ಬ್ರೆಡ್ ಅಂಗಡಿಯವಳ ಮಗಳು ಶಾಲೆಯ ಮೆಟ್ಟಿಲ ಮೇಲೆ ಮೂರ್ಛೆ ಬಂದು ಬಿದ್ದಳಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ.

ಭಾವ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ನೆಲಕ್ಕೆ ಉಗಿದರು.

"ನಾನು ಮಾಡ್ಲೇ ಇಲ್ಲ" ಎಂದರು.

"ಏನು ಮಾಡ್ಲಿಲ್ಲ?"

"ಪ್ರಾರ್ಥನೆ. ಆ ಮಗುಗೆ. ಯಾರಿಗೂ ಮಾಡಿಲ್ಲ. ನಿಮ್ಮಕ್ಕ ಹೋದ ಮೇಲೆ ಮೊಣಕಾಲು ಊರ್ತೀನಿ, ಸುಮ್ನೆ ಕೂತಿರ್ತೀನಿ, ಏಳ್ತೀನಿ. ಮಾತೇ ಬರಲ್ಲ ಕಣಮ್ಮ. ಅವತ್ತು ಎಲ್ಲರೂ ನನ್ನೇ ನೋಡಿದ್ರು, ಕೈ ಎತ್ತಿಬಿಟ್ಟೆ."

ಅಷ್ಟೇ ಆಗಿದ್ದರೂ ಒಂದು ಲೆಕ್ಕ. ಉಳಿದದ್ದನ್ನು ಹೇಳಲು ಅವರು ಗೋಡೆಗೆ ಒರಗಬೇಕಾಯಿತು. ಸಾಕ್ಷಿ ಹೇಳಿದ ಭಾನುವಾರ, ನಾನು ಮೇಲೆ ಹಾಡಿನ ಪುಸ್ತಕ ಜೋಡಿಸುತ್ತಿದ್ದಾಗ, ಆ ತಾಯಿ ಮೆಟ್ಟಿಲ ಬಳಿ ಭಾವನನ್ನು ಹಿಡಿದು ನಿಲ್ಲಿಸಿದ್ದಳು. ಮಾತ್ರೆಯಿಂದ ಮಗಳು ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಮಕ್ಕಳೆಲ್ಲ ನಗುತ್ತಾರೆ, ಅದನ್ನು ನಿಲ್ಲಿಸುತ್ತೇನೆ ಎಂದಳಂತೆ. "ನೀವು ಹೊತ್ತ ಮೇಲೆ ಮಾತ್ರೆ ಯಾಕಣ್ಣ? ನಂಬಿದ ಮೇಲೆ ಪೂರ್ತಿ ನಂಬ್ಬೇಕಲ್ವಾ?" ಎಂದು ಕೇಳಿದಳಂತೆ. ಭಾವನಿಗೆ ಅದು ಬಾಯಿಗೆ ಬಿದ್ದ ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. "ಡಾಕ್ಟರನ್ನ ಒಂದು ಮಾತು ಕೇಳಮ್ಮ" ಎಂದಷ್ಟೇ ಹೇಳಿದರಂತೆ. ಅವಳು, "ನನ್ನ ನಂಬಿಕೆ ಪರೀಕ್ಷೆ ಮಾಡ್ತಿದೀರಾ?" ಎಂದು ನಕ್ಕು ಹೋದಳಂತೆ.

"ನಾನು ನಿಜ ಹೇಳಿದ್ದಿದ್ರೆ ಅವಳು ಮಾತ್ರೆ ನಿಲ್ಲಿಸ್ತಿರ್ಲಿಲ್ಲ" ಎಂದರು ಭಾವ. "ಮರ್ಯಾದೆ ಹೋಗತ್ತೆ ಅಂತ ಬಾಯಿ ಮುಚ್ಕೊಂಡೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನ ದೂಡಿದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಹುಡುಗಿಗಾಗಿ ಬಂತು, ಅಕ್ಕನಿಗಾಗಿಯೂ ಬಂತು. ಇಷ್ಟು ಕಾಲ ಒಂದೇ ಕೋಣೆಯಲ್ಲಿ ಕೂತಿದ್ದೇವೆ, ನನ್ನ ಹತ್ತಿರವಾದರೂ ಹೇಳಬಾರದಿತ್ತೇ?

"ಕೇಳಿದಾಗ ಕೊಡ್ಲಿಲ್ಲ ದೇವರು" ಎಂದರು ಭಾವ, ಸಣ್ಣ ದನಿಯಲ್ಲಿ. "ಕೇಳದೇ ಇದ್ದಾಗ ಆ ಮಗುಗೆ ವಾಸಿ ಮಾಡಿದ. ಏನರ್ಥ ಇದಕ್ಕೆ?"

"ಅದನ್ನ ಅವನ ಹತ್ರಾನೇ ಜಗಳ ಆಡಿ ಕೇಳಿ. ಈಗ ಚಪ್ಪಲಿ ಹಾಕ್ಕೊಳಿ" ಎಂದೆ.

ಆಸ್ಪತ್ರೆಯಲ್ಲಿ ಹುಡುಗಿಗೆ ಹುಬ್ಬಿನ ಮೇಲೆ ಹೊಲಿಗೆ ಹಾಕಿ ಮಲಗಿಸಿದ್ದರು. ಮುಂದಿನ ಹಲ್ಲೊಂದು ಮುರಿದಿತ್ತು. ಡಾಕ್ಟರಮ್ಮ ತಾಯಿಯನ್ನು ಬಯ್ದು ಆಗಷ್ಟೇ ಆಚೆ ಹೋಗಿದ್ದರು. ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಓಡಿಬಂದಿದ್ದ ಅವಳು ಭಾವನನ್ನು ಕಂಡದ್ದೇ ಎದ್ದು ನಿಂತಳು. ಕೈ ಮುಗಿದಳು.

"ತಪ್ಪು ನಂದೇ ಅಣ್ಣ. ಮಾತ್ರೆ ನಿಲ್ಲಿಸಿದ ದಿನದಿಂದ ಒಳಗೊಳಗೇ ಭಯ ನಂಗೆ. ಡಬ್ಬಿ ಎಸೀಲಿಲ್ಲ, ದಿನಾ ತೆಗೆದು ತೆಗೆದು ನೋಡ್ತಿದ್ದೆ. ನಾನು ಪೂರ್ತಿ ನಂಬ್ಲಿಲ್ಲ. ನೀವು ಅಷ್ಟು ಮಾಡಿದ ಪ್ರಾರ್ಥನೇನ ನಾನೇ ಹಾಳು ಮಾಡ್ದೆ. ನನ್ನ ಕ್ಷಮಿಸಿಬಿಡಿ."

ನಾನು ಭಾವನ ಮುಖ ನೋಡಿದೆ. ಅವರು ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮಾತ್ರೆ ಹೇಗೂ ಮತ್ತೆ ಶುರುವಾಗುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರ ಅವರ ಕೈಯಲ್ಲೇ ಇತ್ತು.

"ಕೈ ಇಳಿಸಮ್ಮ" ಎಂದರು ಭಾವ. "ನೀನು ಏನೂ ಹಾಳು ಮಾಡಿಲ್ಲ. ಹಾಳು ಮಾಡಕ್ಕೆ ಅಲ್ಲಿ ಪ್ರಾರ್ಥನೆನೇ ಇರ್ಲಿಲ್ಲ. ನಾನು ನಿನ್ನ ಮಗಳಿಗೆ ಪ್ರಾರ್ಥನೆ ಮಾಡ್ಲಿಲ್ಲ."

ಅವಳು ಮುಗಿದ ಕೈ ಇಳಿಸಿದಳು.

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ. ಅವತ್ತು ಮೆಟ್ಟಿಲ ಹತ್ರ ನೀನು ಮಾತ್ರೆ ವಿಷಯ ಹೇಳ್ದಾಗ್ಲೂ ಬಾಯಿ ಬಿಡ್ಲಿಲ್ಲ."

"ನೀವು ಕೈ ಎತ್ತಿದ್ರಿ ಅಂತ ಬೇರೆ ಯಾರೂ ಎತ್ತಲಿಲ್ಲ" ಎಂದಳು ಅವಳು. ದನಿ ಏರಲಿಲ್ಲ. "ನೀವು ನೋಡ್ಕೊಳ್ತಿದೀರಿ ಅಂತ ನಾನು ನಿದ್ದೆ ಮಾಡ್ದೆ. ಎಷ್ಟೋ ವರ್ಷದ ಮೇಲೆ ನಿದ್ದೆ ಮಾಡಿದ್ದೆ ನಾನು."

ಭಾವ ಅಳತೊಡಗಿದರು. ಅಕ್ಕ ಹೋದಾಗಲೂ ಅಳದಿದ್ದ ಮನುಷ್ಯ. ಹೆಂಡತಿ ಸತ್ತ ಮೇಲೆ ದೇವರ ಜೊತೆ ಮಾತು ಬಿಟ್ಟದ್ದನ್ನು ತೊದಲುತ್ತಾ ಹೇಳಿದರು.

"ಅಕ್ಕ ಹೋದ್ರು, ನಿಮಗೆ ಸಂಕಟ ಆಯ್ತು, ಸರಿ" ಎಂದಳು ಅವಳು. "ನನ್ನ ಮಗಳು ನಿಮಗೇನು ಮಾಡಿದ್ಲು?"

ಮಾತಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದ ನಾನು ಭಾವನ ತೋಳು ಹಿಡಿದು ಆಚೆ ಕರೆದುಕೊಂಡು ಬಂದೆ.

ಮುಂದಿನ ಬುಧವಾರ ಭಾವ ಸಭೆಯ ಮುಂದೆ ನಿಂತು ಇಷ್ಟನ್ನೂ ಹೇಳಿದರು. ಬೆಂಚುಗಳಲ್ಲಿ ಗುಸುಗುಸು ಶುರುವಾಯಿತು. ನನ್ನ ಹಿಂದಿನವಳು, "ನಮ್ಮತ್ತೆ ಮಂಡಿ ನೋವೂ ಇವ್ರೇ ಹೊತ್ತಿದ್ರಲ್ಲ, ಅದಕ್ಕೇ ಇನ್ನೂ ಹೋಗಿಲ್ಲ" ಎಂದಳು. ನಾನು ತಿರುಗಿ ಒಂದು ಸಲ ನೋಡಿದ ಮೇಲೆ ಬಾಯಿ ಮುಚ್ಚಿದಳು. ಪಾದ್ರಿಗಳು ತಲೆ ತಗ್ಗಿಸಿ ಕೇಳಿದರು. ಮಾತ್ರೆಯನ್ನು ಕೊಟ್ಟ ಕೈಯೂ ದೇವರದೇ, ಅದನ್ನು ಯಾರೂ ತಳ್ಳಬಾರದು ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ, "ಈ ಮಗುವನ್ನು ಈಗ ಯಾರು ಹೊತ್ಕೊಳ್ತೀರಿ?" ಎಂದು ಕೇಳಿದರು. ಸಾಲು ಸಾಲಾಗಿ ಕೈಗಳು ಎದ್ದವು.

ಬ್ರೆಡ್ ಅಂಗಡಿಯವಳು ಎದ್ದು ನಿಂತಳು.

"ಯಾರೂ ಬೇಡ. ಹೊತ್ತವರು ಇವರು, ಇವರೇ ಹೊರಲಿ. ಆದ್ರೆ ಅವರ ಅಂಗಡೀಲಿ ಅಲ್ಲ. ನನ್ನ ಮನೇಲಿ, ನನ್ನ ಕಣ್ಣೆದುರಿಗೆ."

ಮಾರನೆಯ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಒಬ್ಬರನ್ನೇ ಬಿಟ್ಟರೆ ಅರ್ಧ ದಾರಿಯಿಂದ ವಾಪಸ್ ಬಂದಾರು ಎಂಬ ಗುಮಾನಿ ನನಗೆ. ಬ್ರೆಡ್ ಅಂಗಡಿಯ ಹಿಂದಿನ ಕೋಣೆ, ಒಲೆಯ ಕಾವು, ಹಿಟ್ಟು ಚೆಲ್ಲಿದ ನೆಲ. ಹುಡುಗಿ ಸ್ಟೂಲಿನ ಮೇಲೆ ಮಾತ್ರೆ ಮತ್ತು ನೀರಿನ ಲೋಟ ಹಿಡಿದು ಕೂತಿದ್ದಳು. ಹುಬ್ಬಿನ ಮೇಲಿನ ಹೊಲಿಗೆ ಕಪ್ಪಗೆ ಕಾಣುತ್ತಿತ್ತು. ಭಾವ ಅದನ್ನು ನೋಡಿದರು, ಮೊಣಕಾಲೂರಿದರು. ನಾನು ಕಣ್ಣು ಮುಚ್ಚಿದೆ. ಅವರ ಉಸಿರು ಮಾತ್ರ ಕೇಳುತ್ತಿತ್ತು. ಇಷ್ಟೇ ಇವರ ಹಣೆಬರಹ ಎಂದುಕೊಳ್ಳುತ್ತಿದ್ದೆ.

"ಸ್ವಾಮಿ" ಎಂದರು ಕೊನೆಗೆ. "ನನ್ನ ಹೆಂಡತೀನ ನೀನು ಉಳಿಸ್ಲಿಲ್ಲ. ಆ ಸಿಟ್ಟು ಇನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳ್ಲಿ. ನೀನು ಕೇಳಿಸ್ಕೊಳ್ತೀಯೋ ಇಲ್ವೋ, ಅದೂ ನಂಗೆ ಗೊತ್ತಿಲ್ಲ. ನನ್ನಿಂದ ಈ ಮಗು ಬಿತ್ತು. ನನ್ನ ತಪ್ಪಿಗೆ ಇವಳನ್ನ ಹಿಡೀಬೇಡ. ನನ್ನ ಏನು ಬೇಕಾದ್ರೂ ಮಾಡು, ಇವಳನ್ನ ಕಾಯಿ."

ಅಲ್ಲಿಗೇ ನಿಲ್ಲಿಸಿದರು. ಹುಡುಗಿ ಆಮೆನ್ ಎಂದು ಮಾತ್ರೆ ನುಂಗಿದಳು. ಕಣ್ಣು ಬಿಟ್ಟು ನೋಡಿದರೆ, ಅವಳಮ್ಮ ಕೈ ಕಟ್ಟಿ ನಿಂತು ಭಾವನನ್ನೇ ದಿಟ್ಟಿಸುತ್ತಿದ್ದಳು. ಪ್ರಾರ್ಥನೆಯ ಉದ್ದಕ್ಕೂ ಅವಳು ಕಣ್ಣು ಮುಚ್ಚಿರಲಿಲ್ಲ.

ಭಾವ ಎದ್ದು, "ನಾಳೆ ಬರ್ಲಾ ಅಮ್ಮ?" ಎಂದು ಕೇಳಿದರು.

"ನಿಮ್ಮ ಮೇಲೆ ನಂಗೆ ನಂಬಿಕೆ ಇಲ್ಲ ಅಣ್ಣ" ಎಂದಳು ಅವಳು. "ಬನ್ನಿ."

ಭಾವ ಈಗಲೂ ದಿನಾ ಬೆಳಿಗ್ಗೆ ಹೋಗುತ್ತಾರೆ. ಅವಳು ಇನ್ನೂ ಕಣ್ಣು ಮುಚ್ಚಿಲ್ಲ.